ಹಳಿ ಕಟ್ಟುವವರಿಂದ ಗ್ರಾಂ ತೂಗುವವರವರೆಗೆ

ಹೊಸ ಟೈರು ಹಾಕಿಸಿಕೊಂಡ ಕಾರು ಕೆಂಗೇರಿ ದಾಟುವ ತನಕ ನೀರು ಹರಿದ ಹಾಗೆ ಓಡುತ್ತದೆ. ಬಿಡದಿಯ ಬೈಪಾಸ್‌ನಲ್ಲಿ ವೇಗ 70 ಮುಟ್ಟಿದರೂ ಸದ್ದಿಲ್ಲ, ಸುಳಿವಿಲ್ಲ. ರಾಮದೇವರ ಬೆಟ್ಟದ ಬಂಡೆಗಳು ಕಣ್ಣಿಗೆ ಬೀಳುವ ಹೊತ್ತಿಗೆ ಮುಳ್ಳು 85ಕ್ಕೆ ಬಂದಿರುತ್ತದೆ. ಆಗ ಸ್ಟೇರಿಂಗ್ ಹಿಡಿದ ಅಂಗೈಗೆ ಮೊದಲು ಜುಮ್ಮೆನ್ನುತ್ತದೆ. 95ಕ್ಕೆ ಅದು ನಡುಕ. ಪಕ್ಕದಲ್ಲಿಟ್ಟ ಬಾಟಲಿಯ ನೀರಿನ ಮೇಲೂ ಸಣ್ಣ ಸಣ್ಣ ಬಳೆಗಳು ಏಳುತ್ತವೆ. ಕಾಲು ಸಡಿಲಿಸಿ ವೇಗ ಇಳಿಸಿದರೆ ಎಲ್ಲ ಮಾಯ. ನಿನ್ನೆ ತಾನೇ ಸಾವಿರಾರು ರೂಪಾಯಿ ಎಣಿಸಿ ನಾಲ್ಕೂ ಟೈರು ಬದಲಿಸಿದವನಿಗೆ ಇದಕ್ಕಿಂತ ಸಂಕಟ ಬೇರೆ ಬೇಕೆ? ಹಳೆಯ ಟೈರೇ ವಾಸಿಯಿತ್ತು ಅನ್ನಿಸಿಬಿಡುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಟೈರ್ ಅಂಗಡಿಗಳಿಗೆ ಈ ದೂರು ಈಗ ಮಾಮೂಲು. ಆದರೆ ಇದು ಹಳೆಯ ದೂರಲ್ಲ. ಒಂದು ತಲೆಮಾರಿನ ಹಿಂದೆ ಇದೇ ಊರುಗಳ ನಡುವೆ ಓಡಾಡಿದವರಿಗೆ ಗೊತ್ತಿದ್ದ ಕಾಯಿಲೆಗಳು ಬೇರೆ: ಪಂಚರ್, ಬಿಸಿಯಾದ ರೇಡಿಯೇಟರ್, ಮುರಿದ ಪಟ್ಟಾ. ಹಾಗೆಂದು ಆ ಕಾಲದ ಚಕ್ರಗಳು ಈಗಿನದಕ್ಕಿಂತ ನೇರವಾಗಿದ್ದವು ಎಂದಲ್ಲ, ಇನ್ನೂ ಸೊಟ್ಟಗೇ ಇದ್ದವು. ಸೊಟ್ಟವನ್ನು ತೋರಿಸಿಕೊಡುವಷ್ಟು ವೇಗ ರಸ್ತೆಗೆ ಇರಲಿಲ್ಲ, ಅಷ್ಟೆ. ಚಕ್ರದ ನಡುಕದ ಚರಿತ್ರೆ ಬರೆಯಲು ಕೂತರೆ ಅದು ಬಹಳ ಮಟ್ಟಿಗೆ ಬೆಂಗಳೂರು–ಮೈಸೂರು ದಾರಿಯ ಚರಿತ್ರೆಯೇ ಆಗಿಬಿಡುತ್ತದೆ.

ರಾಮನಗರವಂತೂ ದಾರಿಗಾಗಿಯೇ ಹುಟ್ಟಿದ ಊರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವ ಹೆದ್ದಾರಿ ಇಲ್ಲಿ ದಟ್ಟ ಕಾಡು, ಬಂಡೆಗಳ ನಡುವೆ ಹಾಯುತ್ತಿತ್ತು. ದಾರಿಹೋಕರಿಗೆ ಭದ್ರತೆ ಇರಲೆಂದು ದಿವಾನ್ ಪೂರ್ಣಯ್ಯನವರು 1800ರಲ್ಲಿ ಇಲ್ಲೊಂದು ಪೇಟೆ ಕಟ್ಟಿಸಿ, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿಟ್ಟರು. ಕ್ಲೋಸ್‌ಪೇಟೆ ಜನರ ಬಾಯಲ್ಲಿ ಕಲೀಸ್‌ಪೇಟೆ ಆಯಿತು. ಮುಂದೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ರಾಮನಗರ. 2007ರಲ್ಲಿ ನಾಲ್ಕು ತಾಲ್ಲೂಕು ಸೇರಿ ಜಿಲ್ಲೆಯೂ ಆಯಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಎಷ್ಟು ಸಲ ಬದಲಾದರೂ ಊರಿನ ಕಸುಬು ಒಂದೇ: ಹಾದು ಹೋಗುವವರನ್ನು ನೋಡಿಕೊಳ್ಳುವುದು.

ಅದೇ 1800ರಲ್ಲಿ ಈ ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಡದ್ದರಲ್ಲಿ ಗಾಡಿಗಳು ಕಡಿಮೆ, ಹೇರೆತ್ತುಗಳು ಹೆಚ್ಚು. ಸರಕು ಎತ್ತಿನ ಬೆನ್ನ ಮೇಲೆಯೇ ಸಾಗುತ್ತಿತ್ತು. ಚನ್ನಪಟ್ಟಣದ ಬಗ್ಗೆ ಅವನು ಬರೆದಿಟ್ಟ ಒಂದು ಸಂಗತಿ ಸ್ವಾರಸ್ಯದ್ದು. ಅಲ್ಲಿ ಸಂಗೀತದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿತ್ತು, ಅದಕ್ಕೆ ದೂರದ ಊರುಗಳಿಂದಲೂ ಬೇಡಿಕೆ ಇತ್ತು. ಕಂಪನವನ್ನೇ ಮಾರಿ ಬದುಕಿದ ಊರಿನ ಪಕ್ಕದ ರಸ್ತೆಯಲ್ಲೇ ಇವತ್ತು ಜನ ಕಂಪನಕ್ಕೆ ಬೈಯುತ್ತ ಹೋಗುತ್ತಾರೆ.

ಗಾಡಿಗೆ ತಕ್ಕ ರಸ್ತೆ ಬಂದದ್ದು ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ, 1834ರಿಂದ 1861ರವರೆಗೆ. ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದದ್ದು ಆಗಲೇ. ರಸ್ತೆ ಬಂದ ಮೇಲೆ ಗಾಡಿ ಬಂತು, ಗಾಡಿ ಬಂದ ಮೇಲೆ ಚಕ್ರದ ಆಚಾರಿಗೆ ಬಿಡುವಿಲ್ಲವಾಯಿತು.

ಈಗಿನವರು ಟೈರು ಅನ್ನುವುದನ್ನು ಆಗ ಹಳಿ ಅನ್ನುತ್ತಿದ್ದರು. ಹಳಿ ಕಟ್ಟುವುದು ಊರಿಗೆ ಊರೇ ನಿಂತು ನೋಡುವ ಕೆಲಸ. ನಡುವೆ ಗುಂಬ, ಗುಂಬಕ್ಕೆ ಬಡಿದ ಅರೆಕಾಲುಗಳು, ಅರೆಕಾಲಿನ ತುದಿಗೆ ಬಾಗಿದ ಮರದ ತುಂಡುಗಳನ್ನು ಜೋಡಿಸಿದ ಬಳೆ. ಇಷ್ಟು ಬಡಗಿಯ ಪಾಲು. ಕಮ್ಮಾರ ಆ ಮರದ ಬಳೆಯ ಸುತ್ತಳತೆ ಹಿಡಿದು, ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಬೆಸೆಯುತ್ತಿದ್ದ. ನೆಲದ ಮೇಲೆ ಬೆರಣಿಯನ್ನು ದುಂಡಗೆ ಒಟ್ಟಿ, ಅದರೊಳಗೆ ಹಳಿಯನ್ನು ಹುಗಿದು ಬೆಂಕಿ ಹಾಕಿದರೆ ಕಬ್ಬಿಣ ಕೆಂಪಗೆ ಕಾದು ಹಿಗ್ಗುತ್ತದೆ. ಇಬ್ಬರು ಮೂವರು ಉದ್ದನೆಯ ಇಕ್ಕಳದಲ್ಲಿ ಅದನ್ನೆತ್ತಿ ತಂದು ಚಕ್ರದ ಮೇಲೆ ಕೂರಿಸಿ ಸುತ್ತಿಗೆಯಲ್ಲಿ ಬಡಿಯುವಾಗ ಮರ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಕೂಡಲೇ ಕೊಡ ಕೊಡ ನೀರು. ಆವಿಯ ಮೋಡದೊಳಗೆ ಕಬ್ಬಿಣ ಕುಗ್ಗುತ್ತ, ಸಡಿಲಿದ್ದ ಒಂದೊಂದು ಕೀಲೂ ಲಟಲಟ ಸದ್ದು ಮಾಡುತ್ತ ಬಿಗಿಯುತ್ತದೆ. ಮೊಳೆಯ ಹಂಗಿಲ್ಲದೆ ಕಬ್ಬಿಣ ಮರವನ್ನು ಅಪ್ಪಿ ಹಿಡಿಯುವ ಈ ಉಪಾಯಕ್ಕೆ ಇಂದಿನ ಎಂಜಿನಿಯರಿಂಗ್ ಪುಸ್ತಕಗಳಲ್ಲೂ ಜಾಗವಿದೆ.

ಹಾಗೆ ಕಟ್ಟಿದ ಚಕ್ರ ಗಣಿತದ ವೃತ್ತವಾಗಿರುತ್ತಿರಲಿಲ್ಲ. ಒಂದು ಕಡೆ ಮರ ದಪ್ಪ, ಇನ್ನೊಂದು ಕಡೆ ತೆಳು, ಬೆಸುಗೆಯ ಜಾಗದಲ್ಲಿ ಕಬ್ಬಿಣ ತುಸು ಹೆಚ್ಚು. ಬೇಸಿಗೆಯಲ್ಲಿ ಮರ ಒಣಗಿ ಹಳಿ ಸಡಿಲವಾದರೆ ಗಾಡಿಯನ್ನು ಕೆರೆಗೆ ಇಳಿಸಿ ಚಕ್ರ ನೆನೆಸಿದರೆ ಆಯಿತು. ಅಚ್ಚಿಗೆ ಕೀಲೆಣ್ಣೆ, ತುದಿಗೆ ಕಡಾಣಿ. ಐದಡಿ ಎತ್ತರದ ಆ ಚಕ್ರ ಎತ್ತಿನ ನಡಿಗೆಯ ವೇಗದಲ್ಲಿ ಒಂದು ಸುತ್ತು ಬರಲು ನಾಲ್ಕು ಸೆಕೆಂಡು ಬೇಕು. ಅಷ್ಟು ನಿಧಾನಕ್ಕೆ ಸುತ್ತುವ ಚಕ್ರದ ಒಂದು ಕಡೆ ಅರ್ಧ ಸೇರು ತೂಕ ಹೆಚ್ಚಿದ್ದರೂ ಗಾಡಿಯ ಮೇಲೆ ಮಲಗಿದವನ ನಿದ್ದೆ ಕೆಡುವುದಿಲ್ಲ. ಅವನ ನಿದ್ದೆ ಕೆಡಿಸುತ್ತಿದ್ದದ್ದು ರಸ್ತೆಯ ಗುಂಡಿ.

1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದಾಗ ಮೈಸೂರಿನ ರೈಲಿಗೆ ಆರು ವರ್ಷ. ಭೀಕರ ಬರಗಾಲದ ಬೆನ್ನಿಗೇ ಬಂದ ಈ ರೈಲು 1882ರಲ್ಲಿ ಮೈಸೂರು ಮುಟ್ಟಿತ್ತು. ಗಾಳಿಯ ಟೈರು ನಮ್ಮ ಹಳ್ಳಿಗೆ ಬಂದದ್ದು ಕಾರಿನ ಜೊತೆಗಿಂತ ಹೆಚ್ಚಾಗಿ ಸೈಕಲ್, ಬಸ್ಸು, ಆಮೇಲೆ ಗಾಡಿಯ ಜೊತೆ. ಹಳಿಯ ಗಾಡಿ ಹೋಗಿ ರಬ್ಬರಿನ ಗಾಡಿ ಬಂದಾಗ ರೈತರು ಅದಕ್ಕೆ ಇಟ್ಟ ಹೆಸರು ಡನ್‌ಲಪ್ ಗಾಡಿ, ಇಲ್ಲವೇ ಬರೀ ಟೈರ್ ಗಾಡಿ. ಕಮ್ಮಾರನ ಬೆರಣಿ ಆರಿತು. ಅವನ ಜಾಗಕ್ಕೆ ಬಂದದ್ದು ಪಂಚರ್ ಅಂಗಡಿ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಬಸ್ಸು, ಲಾರಿ ಹೆಚ್ಚಿದ ಹಾಗೆ ದಾರಿಯುದ್ದಕ್ಕೂ ಹುಣಸೆ ಮರದ ಬುಡದಲ್ಲಿ, ಹೋಟೆಲಿನ ಪಕ್ಕದಲ್ಲಿ ಪಂಚರ್ ಅಂಗಡಿಗಳು ಎದ್ದವು. ಕೊಂಬೆಗೆ ತೂಗುಹಾಕಿದ ಹಳೇ ಟೈರೇ ಬೋರ್ಡು. ಒಂದು ಗಾಳಿ ಪಂಪು, ನೀರಿನ ತೊಟ್ಟಿ, ಎರಡು ಲಿವರ್, ಸೊಲ್ಯೂಷನ್ ಡಬ್ಬಿ, ಟ್ಯೂಬಿಗೆ ತೇಪೆ ಬೇಯಿಸುವ ಒಲೆ. ದಕ್ಷಿಣದ ಹೆದ್ದಾರಿಗಳಲ್ಲಿ ಈ ಕಸುಬಿಗೆ ಕೇರಳದಿಂದ ಬಂದು ನೆಲೆ ನಿಂತವರು ಅನೇಕರು. ಮಧ್ಯರಾತ್ರಿ ಬಾಗಿಲು ತಟ್ಟಿದರೂ ಎದ್ದು ಬರುತ್ತಿದ್ದ ಇವರು ಈ ದಾರಿಯ ನಿಜವಾದ ಕಾವಲುಗಾರರು. ಬ್ಯಾರಿ ಕ್ಲೋಸನ ಪೇಟೆ ಮಾಡಬೇಕೆಂದಿದ್ದ ಕೆಲಸವನ್ನು ಮುಗಿಸಿದವರು ಇವರೇ ಎನ್ನಬಹುದು.

ಈ ಅಂಗಡಿಯಲ್ಲಿ ತೂಕದ ಮಾತೇ ಇರಲಿಲ್ಲ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಎದುರಿಗೆ ಕಬ್ಬಿನ ಗಾಡಿ, ಹಿಂದೆ ಲಾರಿ, ರಸ್ತೆಗೆ ಹರಡಿದ ರಾಗಿ ಹುಲ್ಲು; 60ರ ಮೇಲೆ ಹೋಗುವ ಅವಕಾಶ ಎಲ್ಲಿ? ಆಗಿನ ನೈಲಾನ್ ಟೈರುಗಳು ರಾತ್ರಿಯಿಡೀ ನಿಂತಲ್ಲೇ ಚಪ್ಪಟೆಯಾಗಿ, ಬೆಳಿಗ್ಗೆ ಮೊದಲ ಎರಡು ಮೈಲಿ ದಬದಬ ಎನ್ನುತ್ತಿದ್ದವು. ಬಿಸಿಯಾದ ಮೇಲೆ ತಾವೇ ಸರಿಹೋಗುತ್ತಿದ್ದವು. ಡ್ರೈವರ್ ಅದನ್ನು ರೋಗವೆಂದು ಎಣಿಸಲೇ ಇಲ್ಲ.

ಹಾಗಾದರೆ ಈ ಸೀಮೆಯಲ್ಲಿ ಸುತ್ತುವ ವಸ್ತುವಿನ ಸೊಟ್ಟವನ್ನು ಓದಬಲ್ಲವರು ಯಾರೂ ಇರಲಿಲ್ಲವೇ? ಇದ್ದರು. ಆದರೆ ಅವರು ಗಾಡಿಯ ತಂಟೆಗೆ ಬರಲಿಲ್ಲ, ಬುಗುರಿ ಮಾಡುತ್ತಿದ್ದರು.

ಚನ್ನಪಟ್ಟಣದ ಗೊಂಬೆಯ ಕಸುಬು ನಿಂತಿರುವುದೇ ಲೇತಿನ ಮೇಲೆ. ಬಾವಾಸ್ ಮಿಯಾ ಅವರನ್ನು ಊರು ಈ ಗೊಂಬೆಗಳ ಪಿತಾಮಹನೆಂದು ನೆನೆಯುತ್ತದೆ. ಟಿಪ್ಪುವಿನ ಕಾಲಕ್ಕೂ ಪರ್ಷಿಯಾಕ್ಕೂ ಕಸುಬಿನ ಬೇರನ್ನು ಒಯ್ಯುವ ಐತಿಹ್ಯವೂ ಇದೆ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ಸುಮಾರು ಎರಡು ದಶಕ ಆಯಿತು. ಮರ ಹಾಲೆ ಮರ: ಬಿಳಿ, ಮೃದು, ಎಳೆ ಒರಟಿಲ್ಲದ್ದು. ಮೊದಲು ಕೈಯಲ್ಲಿ ಹಗ್ಗವೋ ಕಮಾನೋ ಎಳೆದು ತಿರುಗಿಸುವ ಲೇತು ಇತ್ತು, ಮರ ಹಿಂದಕ್ಕೂ ಮುಂದಕ್ಕೂ ಸುತ್ತುತ್ತಿತ್ತು. ಆಮೇಲೆ ಕರೆಂಟಿನ ಲೇತು ಬಂತು, ಮರ ಒಂದೇ ದಿಕ್ಕಿಗೆ ಬಿರುಸಾಗಿ ಸುತ್ತತೊಡಗಿತು. ಕೈ ಲೇತಿನಲ್ಲಿ ನಡೆದುಹೋಗುತ್ತಿದ್ದ ಸಣ್ಣ ಓರೆ ಕರೆಂಟಿನ ಲೇತಿನಲ್ಲಿ ನಡೆಯುವುದಿಲ್ಲ. ತುಂಡು ಕೂರುವಾಗ ನೂಲಿನಷ್ಟು ಪಕ್ಕಕ್ಕೆ ಸರಿದಿದ್ದರೆ ಲೇತು ಹಾಕಿದೊಡನೆ ಮೇಜಿನ ಸಮೇತ ಅಲುಗುತ್ತದೆ.

ಕೆಲಸಗಾರ ಆಗ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಉಳಿಯ ಮೊನೆಯನ್ನು ಸುತ್ತುವ ಮರದ ಹತ್ತಿರಕ್ಕೆ, ಮುಟ್ಟೀ ಮುಟ್ಟದ ಹಾಗೆ ತರುತ್ತಾನೆ. ಮರ ಕೇಂದ್ರದಲ್ಲಿದ್ದರೆ ಮೊನೆ ಸುತ್ತಲೂ ಒಂದೇ ಗೆರೆ ಎಳೆಯುತ್ತದೆ. ಇಲ್ಲದಿದ್ದರೆ ಟಕ್ ಟಕ್ ಎಂದು ಒಂದೇ ಮಗ್ಗುಲಿಗೆ ತಾಗುತ್ತದೆ. ಲೇತು ನಿಲ್ಲಿಸಿ, ಗೀರು ಬಿದ್ದ ಮಗ್ಗುಲಿಗೆ ಹಗುರಾಗಿ ಒಂದು ಏಟು ಕೊಟ್ಟು, ಮತ್ತೆ ತಿರುಗಿಸುತ್ತಾನೆ. ಅರಗಿನ ಕಡ್ಡಿ ಒತ್ತುವಾಗಲೂ ಇದೇ ಪರೀಕ್ಷೆ. ಸುತ್ತುವ ಮರದ ಉಜ್ಜಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಉಬ್ಬಿದ ಮಗ್ಗುಲಿಗೆ ಬಣ್ಣ ದಪ್ಪ, ತಗ್ಗಿದ ಕಡೆ ಬಿಳಿ. ತಾಳೆ ಗರಿಯಿಂದ ಎಷ್ಟು ತಿಕ್ಕಿದರೂ ಆ ಕಳ್ಳತನ ಮುಚ್ಚುವುದಿಲ್ಲ. ಇನ್ನು ಬುಗುರಿ ಮಾಡಿದವನಿಗೆ ಚಕ್ರದ ತೂಕದ ಪಾಠ ಬೇರೆ ಬೇಡ. ಒಂದು ಮಗ್ಗುಲು ಭಾರವಾದ ಬುಗುರಿ ಬಿರುಸಿನಲ್ಲೇ ತಲೆ ಅಲ್ಲಾಡಿಸುತ್ತದೆ, ಸರಿಯಾದ ಬುಗುರಿ ನಿಂತಲ್ಲೇ ಗಿರ್ರೆನ್ನುತ್ತದೆ.

ಇವತ್ತು ಟೈರ್ ಅಂಗಡಿಯಲ್ಲಿ ಕಾರನ್ನು ಜಾಕಿಯ ಮೇಲೆತ್ತಿ, ರಿಮ್ಮಿನ ಅಂಚಿಗೆ ಸ್ಕ್ರೂಡ್ರೈವರ್ ಮೊನೆ ಹಿಡಿದು ಚಕ್ರವನ್ನು ಕೈಯಿಂದ ತಿರುಗಿಸುವ ಹುಡುಗ ಮಾಡುತ್ತಿರುವುದು ಇದನ್ನೇ. ಮೊನೆಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮ ಇರಬೇಕು. ಇರದಿದ್ದರೆ ಅವನ ಭಾಷೆಯಲ್ಲಿ ರಿಮ್ಮು ‘ಔಟ್’. ಗೊಂಬೆಯ ಲೇತಿಗೂ ಈ ಅಂಗಡಿಗೂ ಯಾವ ನಂಟೂ ಬೆಳೆಯಲಿಲ್ಲ ಎಂಬುದು ಬೇರೆ ಮಾತು. ಒಂದೇ ಊರಿನಲ್ಲಿ ಒಂದೇ ವಿದ್ಯೆ ಎರಡು ಸಲ ಹುಟ್ಟಿತು.

ಸುತ್ತುವುದನ್ನು ತೂಗುವ ಯಂತ್ರ ಹುಟ್ಟಿದ್ದು ಕಾರಿಗಾಗಿ ಅಲ್ಲ. ಕಾರ್ಖಾನೆಗಳ ಟರ್ಬೈನುಗಳು ಬಿರುಸು ಹೆಚ್ಚಿದಾಗ ಅಡಿಪಾಯವನ್ನೇ ಅಲುಗಿಸುತ್ತಿದ್ದವು. 20ನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಫ್ರಾಂಟ್ಸ್ ಲಾವಾಚೆಕ್ ರೂಪಿಸಿದ ಯಂತ್ರದ ಹಕ್ಕನ್ನು ಡಾರ್ಮ್‌ಸ್ಟಾಟ್ ನಗರದ ತಕ್ಕಡಿ ತಯಾರಕ ಕಾರ್ಲ್ ಶೆಂಕ್ ಕಂಪನಿ ಕೊಂಡಿತು. ತಕ್ಕಡಿ ಮಾಡುವವರು ಈ ಕೆಲಸಕ್ಕೆ ಕೈ ಹಾಕಿದ್ದು ಎಷ್ಟು ಸಹಜ! ಕಾರಿನ ಚಕ್ರಕ್ಕೆ ಈ ವಿದ್ಯೆ ಇಳಿದದ್ದು ಆಮೇಲೆ, ಯುರೋಪು ಅಮೆರಿಕಗಳಲ್ಲಿ ವೇಗದ ರಸ್ತೆಗಳು ಹೆಚ್ಚಿದಂತೆ.

ಇದರ ಲೆಕ್ಕ ಸರಳ. 14 ಇಂಚಿನ ರಿಮ್ಮಿನ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ಹೆಚ್ಚಿದೆ ಎನ್ನೋಣ, ಒಂದು ಸಣ್ಣ ನಿಂಬೆಹಣ್ಣಿನ ತೂಕ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಮುಕ್ಕಾಲು ಕೆ.ಜಿ.ಯ ಬಲದಿಂದ ಎಳೆಯುತ್ತದೆ. 100ರಲ್ಲಿ ಅದೇ ನಿಂಬೆಹಣ್ಣಿನ ಎಳೆತ ಐದು ಕೆ.ಜಿ.ಗೆ ಹತ್ತಿರ. ವೇಗ ಎರಡೂವರೆ ಪಟ್ಟಾದರೆ ಎಳೆತ ಆರು ಪಟ್ಟು ದಾಟುತ್ತದೆ, ಏಕೆಂದರೆ ಅದು ಬೆಳೆಯುವುದು ವೇಗದ ವರ್ಗದ ಲೆಕ್ಕದಲ್ಲಿ. ಅದೂ ಒಂದು ಸಲವಲ್ಲ, ಸೆಕೆಂಡಿಗೆ ಸುಮಾರು 15 ಸಲ, ಮೇಲಕ್ಕೆ, ಮುಂದಕ್ಕೆ, ಕೆಳಕ್ಕೆ, ಹಿಂದಕ್ಕೆ. ಸ್ಪ್ರಿಂಗಿನ ಕೆಳಗಿರುವ ಚಕ್ರ, ಅಚ್ಚು, ಬ್ರೇಕುಗಳ ಗಂಟು ತನ್ನಷ್ಟಕ್ಕೆ ತಾನೇ ಕುಣಿಯಲು ಇಷ್ಟಪಡುವ ಲಯವೂ ಸೆಕೆಂಡಿಗೆ 10ರಿಂದ 15 ಸಲದ ಆಸುಪಾಸಿನಲ್ಲೇ. ಎರಡೂ ತಾಳ ಕೂಡಿದ ಕಡೆ ಸ್ಟೇರಿಂಗ್ ನಡುಗುತ್ತದೆ. 80ಕ್ಕೆ ಶುರುವಾಗಿ, 90–100ರಲ್ಲಿ ಜೋರಾಗಿ, ಆಚೆಗೆ ಕೆಲವೊಮ್ಮೆ ತಗ್ಗುವುದೂ ಈ ಕಾರಣಕ್ಕೆ.

ಈ ವಿದ್ಯೆ ಜಿಲ್ಲೆಯೊಳಕ್ಕೆ ದೊಡ್ಡ ಬಾಗಿಲಿನಿಂದ ಬಂದದ್ದು ಬಿಡದಿಗೆ. 1997ರಲ್ಲಿ ಆರಂಭವಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿಯ ಕ್ವಾಲಿಸ್ 2000ದ ಹೊತ್ತಿಗೆ ರಸ್ತೆಗಿಳಿಯಿತು. ಕಾರ್ಖಾನೆಯಲ್ಲಿ ಚಕ್ರಕ್ಕೆ ಟೈರು ಕೂರುವುದು, ತೂಕ ಸಮವಾಗುವುದು, ನಟ್ಟು ಲೆಕ್ಕ ಹಾಕಿದ ಬಿಗಿಗೆ ನಿಲ್ಲುವುದು ಎಲ್ಲವೂ ಯಂತ್ರದ ಕೈಯಲ್ಲಿ. ಕಾರ್ಖಾನೆಯ ಗೇಟಿನಿಂದ ಹೊರಗೆ ಬಂದ ಕಾರಿನ ಟೈರು ಮುಂದೊಂದು ದಿನ ಸವೆದಾಗ ಮಾತ್ರ ಅದು ಲಿವರ್, ಸುತ್ತಿಗೆಗಳ ಅಂಗಡಿಗೆ ಬರುತ್ತಿತ್ತು. ಮೈಸೂರಿನ ವಿಕ್ರಾಂತ್, 1997ರ ನಂತರ ಜೆ.ಕೆ. ಟೈರ್ ತೆಕ್ಕೆಗೆ ಹೋದ ಆ ಕಾರ್ಖಾನೆ, ದಾರಿಯ ಇನ್ನೊಂದು ತುದಿಯಲ್ಲಿ ಟೈರು ಮಾಡುತ್ತಿತ್ತು. ಒಂದು ತುದಿಯಲ್ಲಿ ಕಾರು, ಇನ್ನೊಂದು ತುದಿಯಲ್ಲಿ ಟೈರು, ನಡುವೆ ಎರಡನ್ನೂ ಕೂಡಿಸುವ ಪಂಚರ್ ಅಂಗಡಿ.

2000ದ ದಶಕದಲ್ಲಿ ರಸ್ತೆ ನಾಲ್ಕು ಪಥವಾಯಿತು. ಟ್ಯೂಬ್‌ಲೆಸ್ ರೇಡಿಯಲ್ ಟೈರು, ಅಲಾಯ್ ರಿಮ್ಮು ಸಾಮಾನ್ಯ ಕಾರುಗಳಿಗೂ ಬಂದವು. ಲಿವರ್ ಹಾಕಿ ಮೀಟಿದರೆ ಟ್ಯೂಬ್‌ಲೆಸ್ ಟೈರಿನ ಅಂಚು ಹರಿಯುತ್ತದೆ. ಹಾಗಾಗಿ ಟೈರು ಬಿಚ್ಚುವ ಮೆಷಿನ್ ಬಂತು, ಅದರ ಪಕ್ಕಕ್ಕೆ ಬ್ಯಾಲೆನ್ಸಿಂಗ್ ಮೆಷಿನ್, ಅದರಾಚೆಗೆ ಅಲೈನ್‌ಮೆಂಟ್ ಗುಂಡಿ. ಪಂಚರ್ ಅಂಗಡಿಯ ಮುಂದೆ ‘ಕಂಪ್ಯೂಟರೈಸ್ಡ್’ ಎಂಬ ಮಾತು ಬಣ್ಣದಲ್ಲಿ ಮೂಡಿತು. ಊರೊಳಗಿನ ಸಿಗ್ನಲ್ಲು, ಹಂಪು, ಗೊಂಬೆ ಅಂಗಡಿ, ವಡೆಯ ಹೋಟೆಲುಗಳು ಮಾತ್ರ ವೇಗವನ್ನು ಇನ್ನೂ ಹಿಡಿದಿಟ್ಟಿದ್ದವು.

2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯದಲ್ಲಿ ಉದ್ಘಾಟಿಸಿದ ದಶಪಥ ಆ ಹಿಡಿತವನ್ನೂ ಬಿಡಿಸಿತು. ಸುಮಾರು 8,480 ಕೋಟಿ ರೂಪಾಯಿಯ, 118 ಕಿ.ಮೀ. ದಾರಿ, ಮೂರು ಗಂಟೆಯ ಪಯಣ 75 ನಿಮಿಷಕ್ಕೆ ಇಳಿಯುತ್ತದೆಂಬ ಭರವಸೆ. ರಾಮನಗರ–ಚನ್ನಪಟ್ಟಣಗಳನ್ನು ಸುತ್ತಿ ಹೋಗುವ ಬೈಪಾಸೇ 22 ಕಿ.ಮೀ. ಇದೆ. ಗೊಂಬೆ ಅಂಗಡಿಗಳವರು ಗಿರಾಕಿ ಇಲ್ಲವೆಂದು ಗೋಳಾಡಿದರು, ಗೋಳಿನಲ್ಲಿ ನ್ಯಾಯವೂ ಇತ್ತು. ಅಪಘಾತಗಳು ಹೆಚ್ಚಿದ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೂ ಎಂಜಿನ್ ಇಲ್ಲದ ವಾಹನಗಳಿಗೂ ಮುಖ್ಯ ಪಥದಲ್ಲಿ ನಿಷೇಧ ಬಿತ್ತು. ಎತ್ತಿನ ಗಾಡಿಗಾಗಿ ಹದವಾದ ದಾರಿ ಎತ್ತಿನ ಗಾಡಿಗೇ ಮುಚ್ಚಿತು. ಕಾರಿನ ಮಿತಿ 100. ಅಂದರೆ, ಚಕ್ರದ ಸೊಟ್ಟ ಚೆನ್ನಾಗಿ ಮಾತಾಡುವ ವೇಗವೇ ಈಗ ಕಾನೂನಿನ ವೇಗ.

ನಡುಕದ ದೂರು ಹೊತ್ತು ಬಂದ ಕಾರಿಗೆ ಒಳ್ಳೆಯ ಅಂಗಡಿಯವನು ಕೇಳುವ ಮೊದಲ ಪ್ರಶ್ನೆ: ನಡುಗೋದು ಸ್ಟೇರಿಂಗಾ, ಸೀಟಾ? ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರದ ಮೇಲೆ ಅನುಮಾನ, ಸೀಟು ಅದುರಿದರೆ ಹಿಂದಿನದರ ಮೇಲೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಟೈರಿನ ತಪ್ಪೇ ಅಲ್ಲ, ಬ್ರೇಕ್ ಡಿಸ್ಕು ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಮಾತ್ರವಾದರೆ ಡ್ರೈವ್ ಶಾಫ್ಟು. ಇಷ್ಟು ಕೇಳದೆ ನೇರ ಅಲೈನ್‌ಮೆಂಟಿಗೆ ಹತ್ತಿಸುವವನಿಂದ ದೂರ ಇರುವುದೇ ಕ್ಷೇಮ. ‘ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್’ ಎಂದು ಒಂದೇ ಉಸಿರಿನಲ್ಲಿ ಹೇಳಿ ಹೇಳಿ ಎರಡೂ ಒಂದೇ ಎಂಬ ಭ್ರಮೆ ಹುಟ್ಟಿದೆ. ಅಲೈನ್‌ಮೆಂಟ್ ಕೆಟ್ಟರೆ ಕಾರು ಒಂದು ಕಡೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಕೈ ನಡುಗಿಸುವುದು ಸಾಮಾನ್ಯವಾಗಿ ಅದಲ್ಲ.

ಟೈರು ಬದಲಿಸಿದ ಮರುದಿನವೇ ನಡುಕ ಶುರುವಾದರೆ ಮೊದಲ ಅನುಮಾನ ಮೊನ್ನೆ ಇಲ್ಲದ್ದು ಯಾವುದು ಎಂಬುದರ ಮೇಲೆ. ಹಳೆಯ ಟೈರಿಗಾಗಿ ಹಾಕಿದ್ದ ತೂಕವನ್ನು ಕೀಳದೆಯೇ ಹೊಸ ಟೈರು ಕೂರಿಸಿರಬಹುದು. ಅಂಟಿನ ತೂಕವನ್ನು ಎಣ್ಣೆ ಮೆತ್ತಿದ ರಿಮ್ಮಿಗೆ ಒತ್ತಿದ್ದರೆ ಹತ್ತು ಕಿಲೋಮೀಟರಿಗೆ ಉದುರಿಹೋಗಿರುತ್ತದೆ. ಟೈರಿನ ಅಂಚು ರಿಮ್ಮಿನ ಸುತ್ತ ಒಂದೇ ಸಮ ಕೂತಿದೆಯೇ ಎಂಬುದನ್ನು ಅಂಚಿನ ಪಕ್ಕದ ಸಣ್ಣ ಗೆರೆಯೇ ಹೇಳುತ್ತದೆ. ಆ ಗೆರೆ ಒಂದು ಕಡೆ ರಿಮ್ಮಿನೊಳಗೆ ಮುಳುಗಿದ್ದರೆ ಗಾಳಿ ಬಿಟ್ಟು ಮತ್ತೆ ಕೂರಿಸಬೇಕು. ಹೊಸ ಟೈರಿನ ಮಗ್ಗುಲಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರ ಜಾಗದ ಗುರುತು, ಅದನ್ನು ವಾಲ್ವಿನ ನೇರಕ್ಕೆ ತಂದರೆ ತೂಕ ಕಡಿಮೆ ಸಾಕಾಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ಆ ಚುಕ್ಕೆಯನ್ನು ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿನಂತೆ ಅಲಂಕಾರವೆಂದು ಬಿಟ್ಟುಬಿಡುತ್ತಾರೆ.

ಇನ್ನೊಂದು ತಪ್ಪು ಮೆಷಿನ್ನಿನ ಮೇಲೆಯೇ ಆಗುವಂಥದ್ದು. ಚಕ್ರವನ್ನು ಮೆಷಿನ್ನಿನ ದಂಡಕ್ಕೆ ಕೋನ್ ಹಾಕಿ ಬಿಗಿಯುತ್ತಾರೆ. ರಿಮ್ಮಿನ ನಡುತೂತಿನಲ್ಲಿ ತುಕ್ಕೋ ಕೆಸರೋ ಇದ್ದು ಕೋನ್ ಓರೆಯಾಗಿ ಕೂತರೆ ಮೆಷಿನ್ ಇಲ್ಲದ ದೋಷವನ್ನು ಅಳೆದು, ಇಲ್ಲದ ದೋಷಕ್ಕೆ ತೂಕ ಕೇಳುತ್ತದೆ. ಪರದೆಯ ಮೇಲೆ ಸೊನ್ನೆ–ಸೊನ್ನೆ ಬಂದಿರುತ್ತದೆ, ಕಾರಿನ ಮೇಲೆ ಬಂದಿರುವುದಿಲ್ಲ. ಇದನ್ನು ಪತ್ತೆ ಮಾಡುವ ಉಪಾಯ ಸುಲಭದ್ದು. ಸೊನ್ನೆ ಬಂದ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಿದಾಗಲೂ ಸೊನ್ನೆಯೇ ಬರಬೇಕು. 20, 30 ಗ್ರಾಂ ತೋರಿಸಿದರೆ ಚಕ್ರ ಕೂತದ್ದೇ ಸರಿಯಿಲ್ಲ. ಗೊಂಬೆ ಕೆತ್ತುವವನು ಮಗ್ಗುಲಿಗೆ ಏಟು ಕೊಟ್ಟು ಮತ್ತೆ ನೋಡುವುದೂ ಇದೇ. ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ದುಡ್ಡು ಹಿಡಿಯುವ ಪದ್ಧತಿ ಇರುವ ಕಡೆ ಈ ಎರಡನೆಯ ಸಲದ ಪರೀಕ್ಷೆಗೆ ಉತ್ಸಾಹ ಕಡಿಮೆ ಎಂಬುದು ಗಿರಾಕಿಗಳ ಗೊಣಗಾಟ. ಒಂದೇ ರಿಮ್ಮಿಗೆ ಸಾಲಾಗಿ 80–100 ಗ್ರಾಂ ಸೀಸ ಅಂಟಿಸಿದ್ದನ್ನು ಕಂಡರೆ ಸಂಶಯ ಪಡುವುದು ತಪ್ಪಲ್ಲ.

ಕಾರಿಗೆ ಮತ್ತೆ ಹಾಕುವಾಗಲೂ ಹಾಗೆಯೇ. ಹಬ್ಬಿಗೂ ರಿಮ್ಮಿಗೂ ನಡುವೆ ತುಕ್ಕಿನ ಒಂದು ಚಕ್ಕೆ ಸಿಕ್ಕಿಕೊಂಡರೆ ಚಕ್ರ ಓರೆ. ನಟ್ಟುಗಳನ್ನು ಪಕ್ಕದಿಂದ ಪಕ್ಕಕ್ಕೆ ಬಿಗಿಯುತ್ತ ಹೋದರೂ ಓರೆ, ಎದುರುಬದುರು ಬಿಗಿಯಬೇಕು. ಗಾಳಿಯ ಗನ್ ಹಿಡಿದು ಗರ್ ಎನಿಸುವ ಹುಡುಗನಿಗೆ ಈ ತಾಳ್ಮೆ ಹೇಳಿಕೊಟ್ಟವರು ಕಡಿಮೆ.

ಮಾಗಡಿ, ಕನಕಪುರದ ಒಳರಸ್ತೆಗಳಿಂದ ಬರುವ ಕಾರುಗಳದ್ದು ಬೇರೆಯದೇ ಕಥೆ. ಮಳೆಗಾಲದಲ್ಲಿ ತೋಟದ ದಾರಿಯ ಕೆಮ್ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿ ಒಣಗಿರುತ್ತದೆ. ಹಿಡಿ ಮಣ್ಣಿನ ತೂಕ 30 ಗ್ರಾಮಿಗಿಂತ ಎಷ್ಟೋ ಹೆಚ್ಚು. ಅಂಥ ಕಾರಿಗೆ ಬೇಕಾದದ್ದು ಮೆಷಿನ್ನಲ್ಲ, ಒಂದು ಬಕೆಟ್ ನೀರು. ಕಲ್ಲು ಕ್ವಾರಿಯ ಲಾರಿಗಳು ಕೊರೆದ ಗುಂಡಿಗೆ ಬಿದ್ದ ರಿಮ್ಮು ಬೆಂಡಾಗಿರುತ್ತದೆ, ಇಲ್ಲವೇ ಟೈರಿನೊಳಗಿನ ನೂಲೆಳೆ ಹರಿದು ಮಗ್ಗುಲು ಉಬ್ಬಿರುತ್ತದೆ. ಉಬ್ಬಿದ ಟೈರಿಗೆ ಬ್ಯಾಲೆನ್ಸಿಂಗ್ ಮಾಡಿಸಿ ದಶಪಥ ಹತ್ತುವುದು ಸಾವಿನ ಜೊತೆ ಸರಸ. ಅದನ್ನು ಎಸೆಯಬೇಕು, ಬೇರೆ ದಾರಿಯಿಲ್ಲ.

ಈ ಒಳದಾರಿಗಳೂ ಹೆಚ್ಚು ಕಾಲ ಹೀಗೇ ಇರುವಂತಿಲ್ಲ. ದಾಬಸ್‌ಪೇಟೆಯಿಂದ ಮಾಗಡಿ, ರಾಮನಗರ, ಕನಕಪುರಗಳನ್ನು ಪೋಣಿಸಿಕೊಂಡು ಆನೇಕಲ್ ಕಡೆಗೆ ಸಾಗುವ ಉಪನಗರ ವರ್ತುಲ ರಸ್ತೆಯ ಯೋಜನೆ ಇದೆ. ಆಗ ಇನ್ನಷ್ಟು ಕಾರುಗಳು 80 ದಾಟುತ್ತವೆ, ಇನ್ನಷ್ಟು ಸ್ಟೇರಿಂಗ್‌ಗಳು ನಡುಗುತ್ತವೆ.

ಟೈರು ಬದಲಿಸಿ ಬಂದವರಿಗೆ ಒಂದು ಮಾತು. ‘ಗಾಡಿ ಯಾಕೋ ನಡುಗುತ್ತೆ’ ಎಂದಷ್ಟೇ ಹೇಳಿ ಕೀಲಿ ಕೊಡಬೇಡಿ. ಯಾವ ವೇಗಕ್ಕೆ ಶುರು, ಯಾವ ವೇಗಕ್ಕೆ ಜೋರು, ಕೈಗೋ ಸೀಟಿಗೋ, ಬ್ರೇಕಿನಲ್ಲೋ ಬರೀ ಓಟದಲ್ಲೋ ಎಂಬುದನ್ನು ಬರೆದುಕೊಂಡು ಹೋಗಿ. ಮೆಷಿನ್ನಿನ ಪಕ್ಕ ನಿಂತು ಎರಡನೆಯ ಸಲವೂ ಸೊನ್ನೆ ಬರುವುದನ್ನು ಕಣ್ಣಾರೆ ನೋಡಿ. ಮೊದಲ 50 ಕಿಲೋಮೀಟರ್ ಓಡಿಸಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ.